ಸ್ಪೋರ್ಟ್ಸ್ ಕಾರಿಗೆ ರನ್‌ಫ್ಲಾಟ್ ಟೈರೋ, ಮಾಮೂಲಿ ಟೈರೋ? ನಮ್ಮ ರಸ್ತೆಗೆ ತಕ್ಕ ಸಮಗ್ರ ಮಾರ್ಗದರ್ಶಿ

ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಂಡವರಿಗೆ ಮೊದಲ ಶಾಕ್ ಕೊಡುವುದು ಟೈರಿನ ರೇಟು. ಎರಡನೇ ಶಾಕ್ ಡಿಕ್ಕಿ ತೆಗೆದಾಗ. ಸ್ಟೆಪ್ನಿ ಇಲ್ಲ. ಜಾಕ್ ಇಲ್ಲ. ಎಷ್ಟೋ ಗಾಡಿಗಳಲ್ಲಿ ಸ್ಟೆಪ್ನಿ ಇಡುವ ಜಾಗವೇ ಇಲ್ಲ. ಹಳೇ ಟೈರ್ ಸವೆದ ಮೇಲೆ ಪ್ರಶ್ನೆ ಎದುರಾಗುತ್ತದೆ: ಕಂಪನಿಯವರು ಹಾಕಿಕೊಟ್ಟ ರನ್‌ಫ್ಲಾಟನ್ನೇ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರು) ಮತ್ತೆ ಹಾಕಿಸುವುದೋ, ಮಾಮೂಲಿ ಟೈರಿಗೆ ಹೋಗುವುದೋ? ಟೈರ್ ಅಂಗಡಿಯವರು ಒಂದು ಹೇಳುತ್ತಾರೆ, ಸರ್ವಿಸ್ ಸೆಂಟರಿನವರು ಇನ್ನೊಂದು, ಗಾಡಿ ಗೊತ್ತಿರುವ ಗೆಳೆಯ ಮೂರನೆಯದು.

ಉದಾಹರಣೆಗೆ ನಾನು ಬಿಎಂಡಬ್ಲ್ಯು ಝಡ್4 ಇಟ್ಟುಕೊಳ್ಳುತ್ತೇನೆ. ಅದರಲ್ಲೂ 2009ರಿಂದ 2016ರವರೆಗೆ ತಯಾರಾದ ಇ89 ಮಾಡೆಲ್. ಎರಡೇ ಸೀಟು, ಇಂಜಿನ್ ಮುಂದೆ, ಅದು ಓಡಿಸುವುದು ಹಿಂದಿನ ಚಕ್ರಗಳನ್ನು. ಗಟ್ಟಿ ಟಾಪು ಮಡಚಿಕೊಂಡು ಡಿಕ್ಕಿಯೊಳಗೇ ಹೋಗಿ ಕೂರುತ್ತದೆ. ಟಾಪು ಮುಚ್ಚಿದ್ದರೆ ಡಿಕ್ಕಿಯಲ್ಲಿ 310 ಲೀಟರ್ ಜಾಗ, ತೆರೆದರೆ 180. ಇದರಲ್ಲಿ ಸ್ಟೆಪ್ನಿ ಎಲ್ಲಿ ಇಡುವುದು, ಹೇಳಿ? ಬೇರೆ ಗಾಡಿ ಇದ್ದವರಿಗೂ ಲೆಕ್ಕ ಹೆಚ್ಚು ಕಡಿಮೆ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಗಾಡಿಯಲ್ಲಿ ರನ್‌ಫ್ಲಾಟೇ ಸ್ಟೆಪ್ನಿ. ಅದನ್ನು ಬಿಚ್ಚಿದ ದಿನ ಸ್ಟೆಪ್ನಿಯನ್ನೂ ಬಿಚ್ಚಿದಂತೆ. ಆ ಜಾಗಕ್ಕೆ ಏನು ಬರುತ್ತದೆ ಅಂತ ತೀರ್ಮಾನ ಮಾಡಿಕೊಳ್ಳದೆ ಅಂಗಡಿ ಮೆಟ್ಟಿಲು ಹತ್ತಬೇಡಿ.

ಹಂತ 1: ರನ್‌ಫ್ಲಾಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮಾಮೂಲಿ ಟೈರಿನಲ್ಲಿ ಭಾರ ಹೊರುವುದು ಗಾಳಿ. ಗಾಳಿ ಹೋದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ರಿಮ್ಮಿನ ಕೆಳಗೆ ಸಿಕ್ಕಿ ಸ್ವಲ್ಪ ದೂರದಲ್ಲೇ ಚಿಂದಿಯಾಗುತ್ತದೆ. ರನ್‌ಫ್ಲಾಟಿನ ಸೈಡ್‌ವಾಲ್ ಒಳಗೆ ದಪ್ಪಗಿನ ಗಟ್ಟಿ ರಬ್ಬರಿನ ಪದರ ಇರುತ್ತದೆ. ಗಾಳಿ ಪೂರ್ತಿ ಹೋದರೂ ಅದು ಗಾಡಿಯನ್ನು ಎತ್ತಿ ಹಿಡಿಯುತ್ತದೆ. ಹೆಚ್ಚಿನ ಕಂಪನಿಗಳು ಕೊಡುವ ಲೆಕ್ಕ ಒಂದೇ: ಗಂಟೆಗೆ 80 ಕಿ.ಮೀ. ಒಳಗೆ ಓಡಿಸಿದರೆ ಸುಮಾರು 80 ಕಿ.ಮೀ. ದೂರ. ಅದು ಒಳ್ಳೆಯ ರಸ್ತೆಯ ಲೆಕ್ಕ. ಗಾಳಿ ಇಲ್ಲದಾಗ ಸೈಡ್‌ವಾಲ್ ಬಾಗಿ ಬಾಗಿ ಬಿಸಿಯಾಗುತ್ತದೆ, ಅದನ್ನು ಕೊನೆಗೆ ಕೊಲ್ಲುವುದೂ ಆ ಬಿಸಿಯೇ. ಹಾಗಾಗಿ ಲಗೇಜು ಜಾಸ್ತಿ ಇದ್ದರೆ, ಬಿಸಿಲು ಜೋರಾಗಿದ್ದರೆ, ರಸ್ತೆ ಕೆಟ್ಟದಾಗಿದ್ದರೆ ಆ 80 ಕಿ.ಮೀ. ಅನ್ನು 40 ಅಂತಲೇ ಅಂದುಕೊಳ್ಳಿ. ಇದು ನನ್ನ ಲೆಕ್ಕ, ಕಂಪನಿಯದ್ದಲ್ಲ.

ರನ್‌ಫ್ಲಾಟಿಗೆ ಪಂಕ್ಚರ್ ಆಗುವುದಿಲ್ಲ ಅಂತ ನಂಬಿದವರು ಇನ್ನೂ ಇದ್ದಾರೆ. ಮಾಮೂಲಿ ಟೈರಿಗೆ ಚುಚ್ಚುವ ಮೊಳೆ ಇದಕ್ಕೂ ಚುಚ್ಚುತ್ತದೆ. ಆದರೆ ಸೈಡ್‌ವಾಲ್ ಗಟ್ಟಿ ಇರುವುದರಿಂದ ಗಾಳಿ ಹೋದದ್ದು ನೋಡಿದರೂ ಗೊತ್ತಾಗುವುದಿಲ್ಲ, ಓಡಿಸಿದರೂ ಬೇಗ ಗೊತ್ತಾಗುವುದಿಲ್ಲ. ಆದ್ದರಿಂದ ಟೈರ್ ಪ್ರೆಶರ್ ನೋಡುವ ವ್ಯವಸ್ಥೆ ಇಲ್ಲದ ಗಾಡಿಗೆ ರನ್‌ಫ್ಲಾಟ್ ಹಾಕಿಸಲೇಬಾರದು.

ಇನ್ನು, ರನ್‌ಫ್ಲಾಟ್ ಹಾಕಿದರೆ ಅದು ಸ್ಪೋರ್ಟ್ಸ್ ಕಾರೇ ಅಲ್ಲ ಅನ್ನುವವರಿಗೂ ಒಂದು ಮಾತು. ಷೆವ್ರೊಲೆ ಕಾರ್ವೆಟ್ 1997ರ ಮಾಡೆಲ್‌ನಿಂದ ಸ್ಟೆಪ್ನಿ ಬಿಟ್ಟು ರನ್‌ಫ್ಲಾಟಿಗೆ ಹೋಯಿತು. ನಿಸ್ಸಾನ್ ಜಿಟಿ-ಆರ್ ಕೂಡ 20 ಇಂಚಿನ ರನ್‌ಫ್ಲಾಟ್ ಮೇಲೆಯೇ ಬಂತು. ಎರಡೂ ನಿಧಾನದ ಗಾಡಿಗಳಲ್ಲ, ಅಲ್ವಾ? ಇನ್ನೊಂದು ಕಡೆ, ತನ್ನ ಅಷ್ಟೊಂದು ಗಾಡಿಗಳಿಗೆ ರನ್‌ಫ್ಲಾಟ್ ಹಾಕಿದ ಬಿಎಂಡಬ್ಲ್ಯು, ಎಂ3, ಎಂ4 ತರದ ತನ್ನ ಜೋರಿನ ಎಂ ಗಾಡಿಗಳಿಗೆ ಮಾತ್ರ ಮಾಮೂಲಿ ಟೈರು, ಜೊತೆಗೆ ಸೀಲಂಟ್ (ಟೈರಿನೊಳಗೆ ಸುರಿದು ತೂತು ಮುಚ್ಚುವ ಅಂಟು) ಕಿಟ್ ಕೊಡುತ್ತಾ ಬಂದಿದೆ. ಕಂಪನಿಗಳಲ್ಲೇ ಒಮ್ಮತ ಇಲ್ಲದ ವಿಷಯ ಇದು.

ಹಂತ 2: ಈಗ ಹಾಕಿರುವ ಟೈರನ್ನು ಓದಿ

ಹಿಂದಿನ ಓನರ್ ಏನು ಹಾಕಿಸಿದ್ದಾರೋ ಗೊತ್ತಿಲ್ಲ. ಎರಡು ರನ್‌ಫ್ಲಾಟ್, ಎರಡು ಮಾಮೂಲಿ ಹಾಕಿಕೊಂಡು ಮಾರಾಟಕ್ಕೆ ನಿಂತ ಗಾಡಿಗಳೂ ಸಿಗುತ್ತವೆ. ನಾಲ್ಕೂ ಟೈರಿನ ಪಕ್ಕ ಕೂತು ಸೈಡ್‌ವಾಲ್ ಓದಿ.

ಒಂದೊಂದು ಕಂಪನಿಯದ್ದು ಒಂದೊಂದು ಗುರುತು. ಬ್ರಿಜ್‌ಸ್ಟೋನ್‌ನಲ್ಲಿ ಆರ್‌ಎಫ್‌ಟಿ, ಮಿಶೆಲಿನ್‌ನಲ್ಲಿ ಝಡ್‌ಪಿ, ಕಾಂಟಿನೆಂಟಲ್‌ನಲ್ಲಿ ಎಸ್‌ಎಸ್‌ಆರ್, ಗುಡ್‌ಇಯರ್‌ನಲ್ಲಿ ಆರ್‌ಒಎಫ್, ಡನ್‌ಲಪ್‌ನಲ್ಲಿ ಡಿಎಸ್‌ಎಸ್‌ಟಿ. ಪಿರೆಲ್ಲಿಯಲ್ಲಿ ರನ್ ಫ್ಲಾಟ್ ಅಂತಲೇ ಬರೆದಿರುತ್ತದೆ. ಬಿಎಂಡಬ್ಲ್ಯು ಗಾಡಿಗೆ ಬಂದ ಟೈರಾದರೆ ವೃತ್ತದೊಳಗೆ ಆರ್‌ಎಸ್‌ಸಿ ಅಂತಲೂ ಇರಬಹುದು. ಸಣ್ಣ ನಕ್ಷತ್ರದ ಗುರುತು ಇದ್ದರೆ ಅದು ಬಿಎಂಡಬ್ಲ್ಯು ಒಪ್ಪಿದ ಟೈರು ಅಂತ ಮಾತ್ರ ಅರ್ಥ. ನಕ್ಷತ್ರ ಇದ್ದ ಮಾತ್ರಕ್ಕೆ ರನ್‌ಫ್ಲಾಟ್ ಅಲ್ಲ.

ಆಮೇಲೆ ಸೈಜು. ಇ89ಕ್ಕೆ 18 ಇಂಚಿನ ರಿಮ್ ಇದ್ದರೆ ಮುಂದೆ 225/40, ಹಿಂದೆ 255/35. ಮೊದಲ ಅಂಕಿ ಟೈರಿನ ಅಗಲ, ಮಿ.ಮೀ.ನಲ್ಲಿ; ಎರಡನೆಯದು ಪ್ರೊಫೈಲು, ಅಂದರೆ ಸೈಡ್‌ವಾಲ್ ಎತ್ತರ ಆ ಅಗಲದ ಎಷ್ಟು ಪರ್ಸೆಂಟ್ ಅಂತ. ಹಿಂದಿನದು ಅಗಲ. ಇದರಿಂದ ಎರಡು ಪರಿಣಾಮ. ಮುಂದಿನ ಟೈರನ್ನು ಹಿಂದಕ್ಕೆ ಹಾಕಿ ಸವೆತ ಸರಿಮಾಡಲು ಆಗುವುದಿಲ್ಲ. ಒಂದು ಸ್ಟೆಪ್ನಿ ಇಟ್ಟುಕೊಂಡರೂ ಅದು ನಾಲ್ಕೂ ಕಡೆಗೆ ಸರಿಹೋಗುವುದಿಲ್ಲ. ಸೈಜಿನ ಪಕ್ಕದ ಅಂಕಿ, ಅಕ್ಷರ ಕೂಡ ಬರೆದುಕೊಳ್ಳಿ. 88 ಅಂದರೆ ಒಂದು ಟೈರ್ 560 ಕಿಲೋ ಹೊರಬಲ್ಲದು, 90 ಅಂದರೆ 600 ಕಿಲೋ. ಡಬ್ಲ್ಯು ಅಂದರೆ ಗಂಟೆಗೆ 270 ಕಿ.ಮೀ.ವರೆಗೆ, ವೈ ಅಂದರೆ 300. ನಮ್ಮಲ್ಲಿ ಯಾರು ಅಷ್ಟು ಓಡಿಸುತ್ತಾರೆ ಅಂತ ಕಡಿಮೆ ರೇಟಿಂಗ್ ತಗೋಬೇಡಿ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಏನಿದೆಯೋ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಕೊನೆಗೆ ನಾಲ್ಕು ಅಂಕಿಯ ತಯಾರಿಕೆ ಗುರುತು ನೋಡಿ. 2319 ಅಂದರೆ 2019ರ 23ನೇ ವಾರ. ವಾರಾಂತ್ಯಕ್ಕೆ ಮಾತ್ರ ಹೊರಬರುವ ಗಾಡಿಗಳಲ್ಲಿ ಟೈರ್ ಸವೆಯುವುದಕ್ಕೆ ಮೊದಲೇ ಮುದಿಯಾಗುತ್ತದೆ. ಟ್ರೆಡ್ (ರಸ್ತೆಗೆ ತಾಗುವ ಭಾಗದ ಗೀರು) ಇನ್ನೂ ಇದೆ ಅಂತ ಹತ್ತು ವರ್ಷದ ರನ್‌ಫ್ಲಾಟ್ ಮೇಲೆ ಓಡಾಡುವವರಿದ್ದಾರೆ. ಕಲ್ಲಿನಂತಾಗಿರುತ್ತದೆ, ಮಳೆಯಲ್ಲಿ ಹಿಡಿತವೇ ಇರುವುದಿಲ್ಲ. ರನ್‌ಫ್ಲಾಟ್ ಅಂದರೆ ಇಷ್ಟೇ ಅಂತ ಬೈಯುವ ಎಷ್ಟೋ ಜನ ನಿಜವಾಗಿ ಬೈಯುತ್ತಿರುವುದು ಹಳೇ ಟೈರನ್ನು.

ಹಂತ 3: ಪಂಕ್ಚರ್ ಎಲ್ಲಿ ಆಗಬಹುದು ಅಂತ ಯೋಚಿಸಿ

ನನ್ನ ಪ್ರಕಾರ ನಿರ್ಧಾರ ಆಗಬೇಕಾದದ್ದು ಇಲ್ಲಿ. ಗಾಡಿ ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ, ಯಾರ ಜೊತೆ ಓಡುತ್ತದೆ?

ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ, ಏರ್‌ಪೋರ್ಟ್ ರಸ್ತೆ, ಅಪರೂಪಕ್ಕೆ ಮೈಸೂರು. ಇಷ್ಟೇ ಆದರೆ ಮಾಮೂಲಿ ಟೈರ್ ಸಾಕು. ಫೋನಿಗೆ ಸಿಗ್ನಲ್ ಇದೆ, ಗಾಡಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ಬರುತ್ತದೆ. ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿ ನಿಂತು ಟೈರ್ ಬಿಚ್ಚುವುದು ಮಾತ್ರ ಜೀವಕ್ಕೆ ಅಪಾಯ, ಅದನ್ನು ಯಾವ ಟೈರ್ ಇದ್ದರೂ ಮಾಡಬೇಡಿ.

ಆದರೆ ಮಂಗಳೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ, ಶುಕ್ರವಾರ ರಾತ್ರಿ ಹೊರಟು ಸಕಲೇಶಪುರ ದಾಟಿ ಶಿರಾಡಿ ಇಳಿಯುವವರಾದರೆ ಲೆಕ್ಕ ಬೇರೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿಗೆ ಇಳಿದರೂ ಅಷ್ಟೇ. ಮಳೆಗಾಲ, ಮಂಜು, ತಿರುವು, ಹಿಂದೆ ಮುಂದೆ ಲಾರಿ, ಅಲ್ಲಲ್ಲಿ ನೆಟ್‌ವರ್ಕ್ ಇಲ್ಲ, ಗಾಡಿ ಪಕ್ಕಕ್ಕೆ ಹಾಕಲೂ ಜಾಗ ಇಲ್ಲ. ಅಂಥ ಕಡೆ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಚಿಹ್ನೆ ಹತ್ತಿದಾಗ, ಇಳಿಯದೆ, ಬಾಗಿಲು ತೆಗೆಯದೆ, ನಿಧಾನವಾಗಿ ಮುಂದಿನ ಊರಿನವರೆಗೆ ಹೋಗಬಹುದು ಅನ್ನುವ ಸೌಲಭ್ಯಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಒಬ್ಬರೇ ರಾತ್ರಿ ಓಡಿಸುವವರಿಗೆ, ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ನಾನು ರನ್‌ಫ್ಲಾಟ್ ಬಿಡಿ ಅಂತ ಹೇಳುವುದಿಲ್ಲ.

ಮಾಮೂಲಿ ಟೈರಿನ ಪರ ಮಾತಾಡುವವರು ಮರೆಯುವ ಒಂದು ವಿಷಯವಿದೆ. ಸೀಲಂಟ್ ಆಗಲಿ, ದಾರ ತುರುಕುವ ಪಂಕ್ಚರ್ ಕಿಟ್ ಆಗಲಿ, ಕೆಲಸ ಮಾಡುವುದು ರಸ್ತೆಗೆ ತಾಗುವ ಭಾಗದ ಸಣ್ಣ ತೂತಿಗೆ ಮಾತ್ರ. ಸೀಲಂಟಿಗೆ ಸುಮಾರು 6 ಮಿ.ಮೀ. ಮಿತಿ. ಗುಂಡಿಗೆ ಬಿದ್ದು ಸೈಡ್‌ವಾಲ್ ಸೀಳಿದರೆ ಎರಡೂ ದಂಡ. ರನ್‌ಫ್ಲಾಟ್ ಆದರೆ ಅಂಥ ಪೆಟ್ಟಿನ ಮೇಲೂ ಎಷ್ಟೋ ಸಲ ಕುಂಟುತ್ತಾ ಊರು ಮುಟ್ಟಿಸುತ್ತದೆ.

ಹಂತ 4: ಗುಂಡಿ ಮತ್ತು ರಿಮ್ಮು

ಈಗ ರನ್‌ಫ್ಲಾಟಿನ ವಿರುದ್ಧದ ಮಾತು. ಸೈಡ್‌ವಾಲ್ ಗಟ್ಟಿ ಇದ್ದರೆ ಗುಂಡಿಯ ಪೆಟ್ಟನ್ನು ಅದು ಹೆಚ್ಚು ನುಂಗುವುದಿಲ್ಲ. ಪೆಟ್ಟು ರಿಮ್ಮಿಗೆ ಹೋಗುತ್ತದೆ, ಅಲ್ಲಿಂದ ಸಸ್ಪೆನ್ಷನ್ನಿಗೆ, ಕೊನೆಗೆ ನಿಮ್ಮ ಬೆನ್ನಿಗೆ. 35ರ ಪ್ರೊಫೈಲಿನ 255 ಟೈರಿನಲ್ಲಿ ರಬ್ಬರಿನ ಎತ್ತರ ಬರೀ 89 ಮಿ.ಮೀ. ಅಷ್ಟರಲ್ಲಿ ಅದೂ ಬಾಗಲಿಲ್ಲ ಅಂದರೆ ರಿಮ್ ಸೊಟ್ಟ ಆಗುತ್ತದೆ ಅಥವಾ ಒಳಬದಿಯಲ್ಲಿ ಕೂದಲಿನಷ್ಟು ಸೀಳು ಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ಬೆಂಗಳೂರಿನ ರಿಮ್ ರಿಪೇರಿ ಅಂಗಡಿಗಳ ಮುಂದೆ ನಿಂತ ಗಾಡಿಗಳನ್ನು ನೋಡಿ, ಗೊತ್ತಾಗುತ್ತದೆ.

ಹಾಗಂತ ಮಾಮೂಲಿ ಟೈರ್ ಹಾಕಿದರೆ ರಿಮ್ ಉಳಿಯುತ್ತದೆ ಅಂತ ಗ್ಯಾರಂಟಿ ಇಲ್ಲ. ಅದರ ಸೈಡ್‌ವಾಲ್ ಉಬ್ಬಿಕೊಳ್ಳಬಹುದು. ಗುಂಡಿಯೇ ನಿಮ್ಮ ದೊಡ್ಡ ತಲೆನೋವಾಗಿದ್ದರೆ ಟೈರಿನ ಜಾತಿಗಿಂತ ರಿಮ್ಮಿನ ಸೈಜು ಮುಖ್ಯ. ಇ89ಕ್ಕೆ 17 ಇಂಚಿನ ರಿಮ್ ಕೂಡ ಬಂದಿತ್ತು. ನೋಡಲು ಸ್ವಲ್ಪ ಸಪ್ಪೆ, ಒಪ್ಪುತ್ತೇನೆ. ಆದರೆ ದಿನಾ ಓಡಿಸುವ ಗಾಡಿಗೆ 17 ಇಂಚು ಕೊಡುವ ನೆಮ್ಮದಿಯನ್ನು 19 ಇಂಚಿನ ಯಾವ ಟೈರೂ ಕೊಡುವುದಿಲ್ಲ.

ಓಡಿಸುವ ಖುಷಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರನ್‌ಫ್ಲಾಟ್ ಸ್ವಲ್ಪ ಭಾರ, ಸದ್ದು ಜಾಸ್ತಿ, ಸಣ್ಣ ಏರಿಳಿತಕ್ಕೂ ಗಾಡಿ ಕುಣಿಯುತ್ತದೆ. ಮಾಮೂಲಿ ಹಾಕಿಸಿದ ಮೇಲೆ ಗಾಡಿ ಮೆತ್ತಗಾಗುತ್ತದೆ, ತಿರುವಿನ ಮಧ್ಯೆ ಗುಂಡಿ ಸಿಕ್ಕರೂ ಹಿಡಿತ ಬಿಡುವುದು ಕಡಿಮೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಬರುತ್ತಿದ್ದ ಚುರುಕು ಒಂದು ಕೂದಲೆಳೆ ಕಡಿಮೆ ಅನ್ನಿಸಬಹುದು, ಯಾಕೆಂದರೆ ಇ89ರ ಸಸ್ಪೆನ್ಷನ್ ಗಟ್ಟಿ ಸೈಡ್‌ವಾಲ್‌ಗೆ ಅಂತಲೇ ಹೊಂದಿಸಿದ್ದು. ಮಿಶೆಲಿನ್ ಪೈಲಟ್ ಸ್ಪೋರ್ಟ್ ತರದ ಒಳ್ಳೆಯ ಸ್ಪೋರ್ಟ್ಸ್ ಟೈರ್ ಹಾಕಿದರೆ ಅದೂ ಗೊತ್ತಾಗುವುದಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಗಾಡಿ ಒಯ್ಯುವವರು ಮಾಮೂಲಿಗೇ ಹೋಗಿ, ಅಲ್ಲಿ ಪಂಕ್ಚರ್ ಭಯ ಇಲ್ಲ.

ಹಂತ 5: ದುಡ್ಡಿನ ಲೆಕ್ಕ ಪೂರ್ತಿ ಹಾಕಿ

ಒಂದೇ ಸೈಜಿನ ಎರಡೂ ಬಗೆಯ ಟೈರಿನ ರೇಟು ಮೂರು ಅಂಗಡಿಯಲ್ಲಿ ಕೇಳಿ. ರನ್‌ಫ್ಲಾಟ್ ಸಾಮಾನ್ಯವಾಗಿ ದುಬಾರಿ. ಸಿಗುವುದೂ ಕಷ್ಟ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆಮೇಲೆ ಇಂಥ ವಿಶೇಷ ಸೈಜುಗಳಿಗೆ ಕಾಯಬೇಕಾದ ಪರಿಸ್ಥಿತಿ ಬಂತು. ಹಾಗಾಗಿ ರೇಟಿನ ಜೊತೆ ಸ್ಟಾಕ್ ಇದೆಯಾ, ಯಾವ ವಾರದ್ದು ಅಂತಲೂ ಕೇಳಿ.

ದೊಡ್ಡ ಖರ್ಚು ಬರುವುದು ಪಂಕ್ಚರ್ ಆದ ಮೇಲೆ. ಮಾಮೂಲಿ ಟೈರಿಗೆ ನಡುವೆ ಮೊಳೆ ಚುಚ್ಚಿದರೆ ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆ ಆಕಾರದ ರಬ್ಬರಿನ ತೇಪೆ) ಹಾಕಿಸಿ ವರ್ಷಗಟ್ಟಲೆ ಓಡಿಸಬಹುದು. ಗಾಳಿ ಇಲ್ಲದೆ ಓಡಿದ ರನ್‌ಫ್ಲಾಟನ್ನು ಎಸೆಯುವುದೇ ಸರಿ. ಹೊರಗೆ ಚೆನ್ನಾಗೇ ಕಾಣುತ್ತದೆ, ಒಳಗಿನ ಪದರ ಸುಟ್ಟಿರುತ್ತದೆ. ಚಿಹ್ನೆ ಹತ್ತಿದ ಕೂಡಲೇ ನಿಲ್ಲಿಸಿದ್ದರೆ, ಗಾಳಿ ಪೂರ್ತಿ ಹೋಗಿಲ್ಲದಿದ್ದರೆ, ಟೈರ್ ಬಿಚ್ಚಿಸಿ ಒಳಗೆ ನೋಡಿಸಿ. ಸುತ್ತಲೂ ಕಪ್ಪು ಪಟ್ಟಿ, ಸುಕ್ಕು, ರಬ್ಬರಿನ ಪುಡಿ ಇದ್ದರೆ ಅದರ ಕಥೆ ಮುಗಿಯಿತು. ಇವು ಯಾವುದೂ ಇಲ್ಲದಿದ್ದರೆ ಕೆಲವು ಕಂಪನಿಗಳು ರಿಪೇರಿಗೆ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ನಿಮ್ಮ ಟೈರಿನ ಕಂಪನಿಯ ಮಾತೇ ಕೊನೆ.

ಇನ್ಶೂರೆನ್ಸ್ ನೋಡಿಕೊಳ್ಳುತ್ತದೆ ಅಂತ ಸುಮ್ನೆ ಕೂರಬೇಡಿ. ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ಬರೀ ಟೈರ್ ಹಾಳಾದರೆ ಏನೂ ಸಿಗುವುದಿಲ್ಲ. ಅದೇ ಅಪಘಾತದಲ್ಲಿ ಗಾಡಿಗೂ ಪೆಟ್ಟಾಗಿದ್ದರೆ ಮಾತ್ರ ಕೊಡುತ್ತಾರೆ, ಅದರಲ್ಲೂ 50 ಪರ್ಸೆಂಟ್ ಸವಕಳಿ ಕಳೆದು. ಟೈರಿಗೆ ಅಂತಲೇ ಬೇರೆ ಆ್ಯಡ್-ಆನ್ ಇರುತ್ತದೆ. ರನ್‌ಫ್ಲಾಟ್ ಇಟ್ಟುಕೊಳ್ಳುವುದಾದರೆ ಅದನ್ನು ತಗೊಳ್ಳುವುದು ಒಳ್ಳೆಯದು. ಪಂಕ್ಚರ್ ಸೇರುತ್ತದಾ, ಸೈಡ್‌ವಾಲ್ ಉಬ್ಬು ಸೇರುತ್ತದಾ ಅಂತ ಓದಿ ಸಹಿ ಮಾಡಿ.

ಹಂತ 6: ಮಾಮೂಲಿಗೆ ಹೋಗುವುದಾದರೆ

ಮೊದಲು ಸಂಶಯ ಕಳೆಯೋಣ: ರನ್‌ಫ್ಲಾಟಿನ ರಿಮ್ಮಿಗೆ ಮಾಮೂಲಿ ಟೈರ್ ಹಾಕಬಹುದು. ಆ ರಿಮ್ಮಿನಲ್ಲಿ ಟೈರ್ ಜಾರದಂತೆ ತಡೆಯುವ ಉಬ್ಬು ಸ್ವಲ್ಪ ದೊಡ್ಡದಾಗಿರುತ್ತದೆ, ಅಷ್ಟೇ. ಉಲ್ಟಾ ಕೆಲಸ, ಅಂದರೆ ಆ ದೊಡ್ಡ ಉಬ್ಬಿಲ್ಲದ ಸಾದಾ ರಿಮ್ಮಿಗೆ ರನ್‌ಫ್ಲಾಟ್ ಹಾಕಿಸುವುದು ಬೇಡ.

ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಮುಂದೆ ಗಟ್ಟಿ ಹಿಂದೆ ಮೆತ್ತಗೆ ಇದ್ದರೆ, ಜೋರಾಗಿ ಬ್ರೇಕ್ ಹಾಕಿ ತಿರುಗಿಸಿದಾಗ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳಲು ಬರುವುದಿಲ್ಲ. ಹಿಂದಿನ ಚಕ್ರ ಓಡಿಸುವ ಗಾಡಿ, ಮಳೆ, ಘಾಟಿ. ಪರೀಕ್ಷೆ ಮಾಡಿ ನೋಡುವ ವಿಷಯ ಅಲ್ಲ ಇದು.

ವಾರಂಟಿ ಇನ್ನೂ ಇರುವ ಹೊಸ ಗಾಡಿಯಾದರೆ ಡೀಲರ್ ಹತ್ತಿರ ಈಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಸ್ಟೆಪ್ನಿ ಇಲ್ಲದೆ ಓಡಿಸಿದರೆ ಪೊಲೀಸರು ಹಿಡಿಯುತ್ತಾರಾ ಅಂತ ಕೇಳುವವರಿದ್ದಾರೆ. 2020ರಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂದು, 3.5 ಟನ್ ಒಳಗಿನ ಕಾರಿನಲ್ಲಿ ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್, ಪ್ರೆಶರ್ ನೋಡುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಬೇಕಿಲ್ಲ ಅಂತಾಯಿತು. ಆ ಪಟ್ಟಿಯೇ ನಿಮ್ಮ ಕಿಟ್‌ಗೂ ದಾರಿ ತೋರಿಸುತ್ತದೆ.

ಡಿಕ್ಕಿಯಲ್ಲಿ ಇರಬೇಕಾದದ್ದು: 12 ವೋಲ್ಟಿನ ಗಾಳಿ ಪಂಪ್, ದಾರ ಮತ್ತು ಸೂಜಿ ಇರುವ ಪಂಕ್ಚರ್ ಕಿಟ್, ಇಕ್ಕಳ, ಸೀಲಂಟ್ ಬಾಟಲಿ, ತಲೆಗೆ ಕಟ್ಟುವ ಟಾರ್ಚ್, ಕೈಗವಸು, ತ್ರಿಕೋನ. ಪಂಪ್ ತಂದ ದಿನವೇ ನಾಲ್ಕೂ ಟೈರಿಗೆ ವೈರು, ಪೈಪು ಎಟಕುತ್ತದಾ ನೋಡಿ. ಸೀಲಂಟ್ ಬಾಟಲಿ ಮೇಲೆ ಎಕ್ಸ್‌ಪೈರಿ ಇರುತ್ತದೆ, ಸಾಮಾನ್ಯವಾಗಿ ನಾಲ್ಕೈದು ವರ್ಷ. ಮೊದಲ ಆಯ್ಕೆ ದಾರ, ಸೀಲಂಟ್ ಕೊನೆಗೆ. ಸೀಲಂಟ್ ಹಾಕಿದ ಟೈರ್ ಒಳಗೆಲ್ಲಾ ಅಂಟು ಅಂಟಾಗಿ, ಆಮೇಲೆ ಪ್ಯಾಚ್ ಹಾಕುವವರು ಬೈಯುತ್ತಾರೆ, ಸೆನ್ಸರ್ ಹಾಳಾಗುವ ಸಾಧ್ಯತೆಯೂ ಇದೆ.

ನಡುವಿನ ದಾರಿಯೂ ಒಂದಿದೆ. ಪಿರೆಲ್ಲಿಯ ಸೀಲ್ ಇನ್‌ಸೈಡ್, ಕಾಂಟಿನೆಂಟಲ್‌ನ ಕಾಂಟಿಸೀಲ್ ತರದ ಟೈರ್‌ಗಳಲ್ಲಿ ಒಳಗೇ ಅಂಟಿನ ಪದರ ಇರುತ್ತದೆ. ಮೊಳೆ ಚುಚ್ಚಿದರೆ ಅದೇ ಮುಚ್ಚಿಕೊಳ್ಳುತ್ತದೆ. ಸೈಡ್‌ವಾಲ್ ಮಾಮೂಲಿ, ಹಾಗಾಗಿ ಮೆತ್ತಗೆ. ನಿಮ್ಮ ಸೈಜಿನಲ್ಲಿ ಸಿಕ್ಕರೆ ಅದೃಷ್ಟ.

ಹಂತ 7: ಅಂಗಡಿಯಲ್ಲಿ

ರನ್‌ಫ್ಲಾಟ್ ಬಿಚ್ಚುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಸಹಾಯಕ್ಕೆ ಹೆಚ್ಚುವರಿ ತೋಳು ಇರುವ ಮೆಷಿನ್ ಬೇಕು. ರಾಡು ಹಾಕಿ ಮೀಟಲು ಶುರು ಮಾಡಿದರೆ ಅಲ್ಲೇ ತಡೆಯಿರಿ. ರಿಮ್ಮಿನ ಅಂಚು ಹೋಗುತ್ತದೆ, ಒಳಗಿನ ಸೆನ್ಸರ್ ಮುರಿಯುತ್ತದೆ. ಫೋನ್ ಮಾಡಿ ಯಾವ ಮೆಷಿನ್ ಇದೆ ಅಂತ ಮೊದಲೇ ಕೇಳಿ.

ಬೋಲ್ಟನ್ನು ಗನ್ನಿನಲ್ಲಿ ಬಿಗಿದು ಕೈತೊಳೆದುಕೊಳ್ಳಲು ಬಿಡಬೇಡಿ. ಇ89ಕ್ಕೆ 120 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಆಮೇಲೆ ಸ್ಟಿಕ್ಕರಿನಲ್ಲಿ ಇದ್ದಷ್ಟು ಗಾಳಿ, ಟೈರ್ ತಣ್ಣಗಿದ್ದಾಗ. ಬಂಕಿನ ಮೀಟರ್ ನಂಬುವ ಬದಲು ನಿಮ್ಮದೇ ಒಂದು ಗೇಜ್ ಇಟ್ಟುಕೊಳ್ಳಿ.

ಕೊನೆಗೆ ಪ್ರೆಶರ್ ವ್ಯವಸ್ಥೆಯನ್ನು ರೀಸೆಟ್ ಮಾಡಿ. ಕೆಲವು ಗಾಡಿಗಳಲ್ಲಿ ಪ್ರತಿ ಚಕ್ರದೊಳಗೆ ಸೆನ್ಸರ್ ಇರುತ್ತದೆ. ಇನ್ನು ಕೆಲವದರಲ್ಲಿ ಸೆನ್ಸರ್ ಇರುವುದಿಲ್ಲ, ಯಾವ ಚಕ್ರ ಜಾಸ್ತಿ ಸಲ ತಿರುಗುತ್ತಿದೆ ಅಂತ ಬ್ರೇಕಿನ ಎಬಿಎಸ್ ವ್ಯವಸ್ಥೆ ಕೊಡುವ ಲೆಕ್ಕದಿಂದ ಗಾಳಿ ಕಡಿಮೆಯಾದದ್ದನ್ನು ಊಹಿಸುತ್ತದೆ. ಎರಡನೆಯದು ನಾಲ್ಕೂ ಟೈರಿನಲ್ಲಿ ಒಂದೇ ಸಮ ಗಾಳಿ ಇಳಿದರೆ ಬಾಯಿ ಬಿಡುವುದಿಲ್ಲ. ನಿಮ್ಮದು ಆ ಬಗೆಯಾದರೆ ತಿಂಗಳಿಗೆ ಎರಡು ಸಲ ಕೈಯಲ್ಲೇ ನೋಡಿ.

ಹಂತ 8: ಪಂಕ್ಚರ್ ಆದ ದಿನ

ರನ್‌ಫ್ಲಾಟ್ ಇದ್ದರೆ: ಹೆದರಿ ಬ್ರೇಕ್ ಒತ್ತಬೇಡಿ. ವೇಗ 80ರ ಕೆಳಗೆ, ಘಾಟಿಯಲ್ಲಾದರೆ 50ರ ಕೆಳಗೆ ಇಳಿಸಿ. ಬೆಳಕಿರುವ, ಜನ ಇರುವ ಜಾಗದಲ್ಲಿ ನಿಲ್ಲಿಸಿ. ಅಲ್ಲಿಂದ ಕಿ.ಮೀ. ಲೆಕ್ಕ ಇಡಿ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಹೊರಗಿನಿಂದ ದಾರ ಹಾಕಿಸಿ ಗಾಳಿ ಹೊಡೆಸಿಕೊಂಡರೂ ನಿಧಾನವಾಗಿಯೇ ಮನೆಗೆ ಹೋಗಿ. ನಾಳೆ ಬಿಚ್ಚಿಸಿ ನೋಡಲೇಬೇಕು.

ಮಾಮೂಲಿ ಟೈರ್ ಇದ್ದರೆ: ಸುರಕ್ಷಿತ ಜಾಗಕ್ಕೆ ಗಾಡಿ ತನ್ನಿ, ಮೊಳೆ ಕೀಳಬೇಡಿ. ಮೊದಲು ಗಾಳಿ ಹೊಡೆದು ನೋಡಿ. ಎಷ್ಟೋ ಸಲ ಮೊಳೆ ತಾನೇ ತೂತು ಮುಚ್ಚಿಕೊಂಡಿರುತ್ತದೆ, ಹತ್ತಿರದ ಊರಿಗೆ ಹೋಗಲು ಅಷ್ಟು ಸಾಕು. ಗಾಳಿ ನಿಲ್ಲದಿದ್ದರೆ ದಾರ ಹಾಕಿ. ಜಾಕ್ ಬೇಕಿಲ್ಲ. ಮುಂದಿನ ಚಕ್ರವಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹಿಂದಿನದಾದರೆ ಮೊಳೆ ಹೊರಗೆ ಕಾಣುವವರೆಗೆ ಗಾಡಿಯನ್ನು ಅರ್ಧ ಸುತ್ತು ಉರುಳಿಸಿ. ಸೈಡ್‌ವಾಲ್ ಸೀಳಿದ್ದರೆ ಕಿಟ್ ಮುಟ್ಟಲೂ ಹೋಗಬೇಡಿ, ಫ್ಲಾಟ್‌ಬೆಡ್ ಕರೆಸಿ. ಮುಂದಿನ ಚಕ್ರ ಎತ್ತಿ ಎಳೆಯುವ ಟೋಯಿಂಗ್ ಗಾಡಿ ಬಂದರೆ ವಾಪಸ್ ಕಳಿಸಿ. ಹಿಂದಿನ ಚಕ್ರ ಓಡಿಸುವ ಗಾಡಿಯನ್ನು ಹಾಗೆ ಎಳೆದರೆ ಗೇರ್‌ಬಾಕ್ಸ್ ಬಿಲ್ಲಿನ ಮುಂದೆ ಟೈರಿನ ಬಿಲ್ಲು ಏನೂ ಅಲ್ಲ.

ಯಾವ ಟೈರ್ ಹಾಕಿಸಿದರೂ ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ. ಈ ಗಾಡಿಗಳಲ್ಲಿ ಪ್ರತಿ ಚಕ್ರಕ್ಕೆ ಒಂದು ಲಾಕ್ ಬೋಲ್ಟ್ ಹಾಕಿರುವುದುಂಟು. ಅದನ್ನು ಬಿಚ್ಚಲು ಪುಟ್ಟದೊಂದು ಅಡಾಪ್ಟರ್ ಬೇಕು. ಹಳೇ ಓನರ್ ಕೊಟ್ಟಿದ್ದಾರಾ, ಡಿಕ್ಕಿಯಲ್ಲಿ ಎಲ್ಲಿದೆ ಅಂತ ಹುಡುಕಿ. ಸಿಗದಿದ್ದರೆ ಟೈರ್ ವಿಚಾರಿಸುವುದಕ್ಕೆ ಮೊದಲು ಅದನ್ನು ಆರ್ಡರ್ ಮಾಡಿ. ಅದಿಲ್ಲದೆ ಚಕ್ರ ಬಿಚ್ಚುವುದು ಅಂಗಡಿಯವರಿಗೂ ಕಷ್ಟ.